ಕಕ್ಕೆ ಸಸಿಗೆ ಮೆಚ್ಚುಗೆ, ಲಂಟಾನಕ್ಕೆ ಆಕ್ಷೇಪ
ಚಿತ್ರದುರ್ಗದ ಹೊರವಲಯದ ಈ ನರ್ಸರಿಗೆ ನಾನು ಮೂರು ಮಳೆಗಾಲಗಳಿಂದ ಹೋಗುತ್ತಿದ್ದೇನೆ. ಹೊಂಗೆ, ಕಕ್ಕೆ, ತಂಗಡಿ ಮೊದಲಾದ ನಮ್ಮ ನೆಲದ ಸಸಿಗಳು ಇಲ್ಲಿ ಗಟ್ಟಿಮುಟ್ಟಾಗಿರುತ್ತವೆ. ಕಳೆದ ವರ್ಷ ತಂದ ಕಕ್ಕೆಯ ಚೀಲವನ್ನು ಹರಿದಾಗ, ಬೇರು ಸುರುಳಿ ಸುತ್ತಿಕೊಳ್ಳದೆ ನೇರವಾಗಿ ಇಳಿದಿದ್ದುದನ್ನು ಕಂಡು ಸಂತೋಷವಾಯಿತು. ಬೆಲೆಯೂ ದುಬಾರಿಯಲ್ಲ. ಆದರೆ ಬಾಗಿಲಲ್ಲೇ ಹಳದಿ, ಕೇಸರಿ ಹೂಬಿಟ್ಟ ಲಂಟಾನದ ಕುಂಡಗಳನ್ನು ಸಾಲಾಗಿ ಇಟ್ಟಿರುವುದನ್ನು ನಾನು ಒಪ್ಪಲಾರೆ. ಅಮೆರಿಕದ ಉಷ್ಣವಲಯದಿಂದ 19ನೇ ಶತಮಾನದಲ್ಲಿ ಅಲಂಕಾರಕ್ಕೆಂದು ಬಂದ ಈ ಗಿಡದ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ದೂರಕ್ಕೆ ಹರಡುವುದರಿಂದ, ಅಂಗಳದಲ್ಲಿ ನೆಟ್ಟದ್ದು ಜೋಗಿಮಟ್ಟಿಯ ಕಾಡನ್ನು ಮುಟ್ಟಲು ಹೆಚ್ಚು ಕಾಲ ಬೇಕಿಲ್ಲ. ಪೊದೆಗಟ್ಟಿದ ಮೇಲೆ ಅದು ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಗೊಡುವುದಿಲ್ಲ. ಮಾಲೀಕರಿಗೆ ಇದನ್ನು ತಿಳಿಸಿದಾಗ, ಗಿರಾಕಿಗಳು ಕೇಳುತ್ತಾರೆ ಎಂದರು. ಅದೇ ಜಾಗದಲ್ಲಿ ಹೂಬಿಟ್ಟ ತಂಗಡಿಯನ್ನಿಟ್ಟರೆ ಅದನ್ನೂ ಕೇಳಿಯೇ ಕೇಳುತ್ತಾರೆ.