ಡಾರ್ಕ್ ಸನ್ ಆಡಬೇಕಾ? 1991ರ ಪೆಟ್ಟಿಗೆಯೋ, 2004ರ ಪತ್ರಿಕೆಯೋ

ಡಾರ್ಕ್ ಸನ್ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರ ವಹಿಸಿ ಆಡುವ ಆಟದ ಒಂದು ಕಲ್ಪಿತ ಮರುಭೂಮಿ ಲೋಕ. 1991ರಲ್ಲಿ ಪುಸ್ತಕಗಳ ಪೆಟ್ಟಿಗೆಯಾಗಿ ಬಂದ ಈ ಲೋಕವೇ ಬೇರೆ. ಅಥಾಸ್ ಅನ್ನೋ ಈ ಲೋಕದಲ್ಲಿ ದೇವರಿಲ್ಲ, ಲೋಹ ಸಿಗೋದೇ ಅಪರೂಪ. ಮೂಳೆಯ ಕತ್ತಿ ಹಿಡಿದು ಹೋರಾಡಬೇಕು. ಎಚ್ಚರವಿಲ್ಲದೆ ಮಂತ್ರ ಹಾಕಿದರೆ ಸುತ್ತಲ ಗಿಡದ ಜೀವ ಹೀರಿ ನೆಲ ಬೂದಿಯಾಗುತ್ತೆ, ಹಾಗಾಗಿ ಮಾಂತ್ರಿಕನನ್ನು ಕಂಡರೆ ಜನಕ್ಕೆ ಆಗಲ್ಲ.

2004ರಲ್ಲಿ ಡ್ರ್ಯಾಗನ್ ಮತ್ತು ಡಂಜನ್ ಅನ್ನೋ ಆಟದ ಪತ್ರಿಕೆಗಳು ಇದೇ ಲೋಕವನ್ನು ಆಟದ ಆಗಿನ ಹೊಸ ಆವೃತ್ತಿಯಾದ 3.5ರ ನಿಯಮಗಳಿಗೆ ಹೊಂದಿಸಿ ಮತ್ತೆ ತಂದವು. ಕಥೆಯನ್ನು 300 ವರ್ಷ ಮುಂದಕ್ಕೆ ಹಾಕಿದರು, ಪ್ಯಾಲಡಿನ್‌ಗಳಿಗೂ, ಅಂದರೆ ಧರ್ಮಕ್ಕಾಗಿ ಹೋರಾಡೋ ವೀರರಿಗೂ, ಜಾಗ ಕೊಟ್ಟರು. ಹಳೆಯ ಅಭಿಮಾನಿಗಳಲ್ಲಿ ಹಲವರು ಸಿಟ್ಟಾಗಿದ್ದು ಇದಕ್ಕೇ. ದೇವರೇ ಇಲ್ಲದ, ಎಲ್ಲರೂ ಬದುಕುಳಿಯಲು ಒದ್ದಾಡೋ ಊರಲ್ಲಿ ಧರ್ಮವೀರ ಯಾಕೆ ಅನ್ನೋದು ಅವರ ಪ್ರಶ್ನೆ, ಅದು ನ್ಯಾಯವೇ ಅಲ್ವಾ? ಆದರೆ ವರ್ಷಗಟ್ಟಲೆ ಏನೂ ಬರದೆ ಕಾದವರಿಗೆ ಅಷ್ಟಾದರೂ ಬಂತಲ್ಲ ಅನ್ನೋ ಖುಷಿಯೂ ಇತ್ತು.

ನಿಮ್ಮ ಗುಂಪಿಗೆ 3.5 ಚೆನ್ನಾಗಿ ಗೊತ್ತಿದ್ದರೆ ಪತ್ರಿಕೆಯದ್ದೇ ಸುಲಭ. ತಲೆಕೆಡಿಸಿಕೊಳ್ಳದೆ ಶುರು ಮಾಡಬಹುದು. ಆದರೆ ಅದರಲ್ಲಿ ಪುಟಗಳು ಕಡಿಮೆ, ಊರುಗಳ ವಿವರ ತೆಳುವು. ಆ ಖಾಲಿ ಜಾಗ ಆಟ ನಡೆಸುವವರೇ ತುಂಬಬೇಕು.

ನನ್ನನ್ನು ಕೇಳಿದರೆ ಪೆಟ್ಟಿಗೆ. ಅದರಲ್ಲಿ ಪಾತ್ರಗಳು ಮೊದಲನೇ ಲೆವೆಲ್ ಬದಲು ಮೂರನೇ ಲೆವೆಲ್‌ನಿಂದಲೇ, ಅಂದರೆ ಸ್ವಲ್ಪ ಬಲದಿಂದಲೇ, ಶುರುವಾಗುತ್ತವೆ, ಆದರೂ ಒಂದು ಕೊಡ ನೀರಿಗೆ ಪ್ರಾಣ ಬಿಡೋ ಸ್ಥಿತಿ. ಆ ಬಿಸಿಲು, ಆ ಹತಾಶೆ ಪತ್ರಿಕೆಯ ಆವೃತ್ತಿಯಲ್ಲಿ ಅಷ್ಟು ಸುಡಲ್ಲ. ಹಳೆಯ ನಿಯಮ ಕಷ್ಟ ಅನಿಸಿದರೆ ಲೋಕವನ್ನು ಪೆಟ್ಟಿಗೆಯಿಂದ, ಲೆಕ್ಕಾಚಾರವನ್ನು ಪತ್ರಿಕೆಯಿಂದ ತಗೊಳ್ಳಿ, ಪ್ಯಾಲಡಿನ್ ಮಾತ್ರ ಬಿಟ್ಟುಬಿಡಿ.