ತಂಬಾಕು ಕಂಪನಿಗಳ ಒಳಕಾಗದಗಳು: ಒಂದು ಉಚಿತ ಆನ್‌ಲೈನ್ ದಾಖಲೆ ಸಂಗ್ರಹದ ವಿಮರ್ಶೆ

ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2002ರಿಂದ ನಡೆಸುತ್ತಿರುವ ತಂಬಾಕು ಉದ್ಯಮದ ದಾಖಲೆ ಸಂಗ್ರಹವನ್ನು ಯಾರು ಬೇಕಾದರೂ ಹಣ ಕೊಡದೆ, ಖಾತೆ ತೆರೆಯದೆ ಬಳಸಬಹುದು. ಅಮೆರಿಕದ ಮೊಕದ್ದಮೆಗಳಿಂದಾಗಿ, ಮುಖ್ಯವಾಗಿ ಸಿಗರೇಟು ಕಂಪನಿಗಳು ಮತ್ತು ಅಮೆರಿಕದ ರಾಜ್ಯಗಳ ನಡುವಿನ 1998ರ ರಾಜಿ ಒಪ್ಪಂದದಿಂದಾಗಿ, ಬಹಿರಂಗಗೊಂಡ ಪತ್ರ, ಟಿಪ್ಪಣಿ, ಸಭಾ ನಡಾವಳಿ, ಖರ್ಚಿನ ಪಟ್ಟಿಗಳು ಇಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚಿವೆ.

ಹೊಸಬರು ಮೊದಲು ಹುಡುಕುವುದು ಬ್ರೌನ್ ಅಂಡ್ ವಿಲಿಯಮ್ಸನ್ ಸಿಗರೇಟು ಕಂಪನಿಯೊಳಗೆ 1969ರಲ್ಲಿ ಬರೆದ, ‘ಸಂದೇಹವೇ ನಮ್ಮ ಸರಕು’ ಎನ್ನುವ ಟಿಪ್ಪಣಿಯನ್ನು. ಅದನ್ನು ನೋಡಲೇಬೇಕು, ನಿಜ. ಆದರೆ ಈ ಸಂಗ್ರಹದ ಬೆಲೆ ನನಗೆ ಮನದಟ್ಟಾದದ್ದು 1990ರ ದಶಕದ ಕಡತಗಳಲ್ಲಿ.

ಇತರರು ಸೇದಿ ಬಿಟ್ಟ ಹೊಗೆಯೂ ಕ್ಯಾನ್ಸರ್‌ಕಾರಕವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರ ಜನವರಿಯಲ್ಲಿ ಸಾರಿತು. ಗಂಡ ಸೇದುವ, ತಾವು ಸೇದದ ಮಹಿಳೆಯರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ, ಗಂಡನೂ ಸೇದದ ಅಂಥ ಮಹಿಳೆಯರಿಗೆ ಹೋಲಿಸಿದರೆ, 1.19 ಪಟ್ಟು ಎಂಬುದು ಅಮೆರಿಕದ ಅಧ್ಯಯನಗಳಿಂದ ಅದು ತೆಗೆದ ಲೆಕ್ಕ. ಅದೇ ವರ್ಷ ಫಿಲಿಪ್ ಮಾರಿಸ್ ಸಿಗರೇಟು ಕಂಪನಿಯು ಒಂದು ಪ್ರಚಾರ ಸಂಸ್ಥೆಯ ಮೂಲಕ ‘ಸೌಂಡ್ ಸೈನ್ಸ್’ (ಗಟ್ಟಿ ವಿಜ್ಞಾನ) ಹೆಸರಿನ ಒಕ್ಕೂಟವೊಂದನ್ನು ಕಟ್ಟಿಸಿ, ಮುಂದೆ ‘ಉತ್ತಮ ಸಾಂಕ್ರಾಮಿಕ ರೋಗಶಾಸ್ತ್ರ ಪದ್ಧತಿ’ಗಳಿಗಾಗಿಯೂ (ಜನಸಮೂಹದಲ್ಲಿ ಯಾವ ರೋಗ ಯಾರಿಗೆ, ಏಕೆ ಬರುತ್ತದೆಂದು ಅಳೆಯುವ ಅಧ್ಯಯನಗಳಿಗೆ ನಿಯಮಗಳು) ಓಡಾಡಿತು, ಅಪಾಯ 2 ಪಟ್ಟಿಗಿಂತ ಕಡಿಮೆ ಕಂಡರೆ ಅದನ್ನು ನಿಯಮ ಮಾಡಲು ಸಾಕಾಗುವ ಪುರಾವೆ ಎಂದು ಒಪ್ಪಬಾರದೆಂಬುದು ಅದಕ್ಕೆ ಬೇಕಾಗಿದ್ದ ಅಂಶ. ಒಂದೇ ಒಂದು ಅಂಕಿಯನ್ನು ತಿದ್ದದೆ, ಗೆರೆಯನ್ನಷ್ಟೇ ಮೇಲಕ್ಕೆಳೆದರೆ 1.19 ತಾನಾಗಿ ಲೆಕ್ಕದಿಂದ ಹೊರಗೆ ಬೀಳುತ್ತದೆ. ಸಣ್ಣ ಪ್ರಮಾಣದ ಸಂಬಂಧಗಳನ್ನು ಎಚ್ಚರಿಕೆಯಿಂದ ನೋಡಬೇಕೆಂದು ಪ್ರಾಮಾಣಿಕ ವಿಜ್ಞಾನಿಗಳೂ ಹೇಳುವುದರಿಂದಲೇ ಈ ವಾದಕ್ಕೆ ಸಭ್ಯತೆಯ ಮುಖವಿತ್ತು. ಆದರೆ ಕೋಟ್ಯಂತರ ಜನ ಸೇವಿಸುವ ಹೊಗೆಯಲ್ಲಿ ಸಣ್ಣ ಅಪಾಯವೂ ಸಾವಿರಾರು ಸಾವುಗಳಾಗುತ್ತದೆ ಎಂಬುದು ಆ ಗೆರೆ ಎಳೆಯಹೊರಟವರಿಗೆ ತಿಳಿಯದ ಸಂಗತಿಯೇನಲ್ಲ.

ಬಳಸುವವರು ಗಮನಿಸಬೇಕಾದ ಮಿತಿಗಳಿವೆ. ಅಂಚಿನಲ್ಲಿ ಕೈಯಲ್ಲಿ ಗೀಚಿದ ಮಾತುಗಳು ಹುಡುಕಾಟಕ್ಕೆ ಸಿಗುವುದು ಅಪರೂಪ, ಹಾಗಾಗಿ ಪುಟವನ್ನು ಕಣ್ಣಾರೆ ಓದಬೇಕು. ವಕೀಲರೊಂದಿಗಿನ ವ್ಯವಹಾರವೆಂದು ಕಂಪನಿಗಳು ತಡೆಹಿಡಿದ ಕಾಗದಗಳೂ ಇರುವುದರಿಂದ, ಇಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ನಡೆದೇ ಇಲ್ಲ ಎನ್ನಲಾಗದು. ಪುಟದ ಅಂಚಿನಲ್ಲಿ ಅಚ್ಚಾಗಿರುವ ಬೇಟ್ಸ್ ಸಂಖ್ಯೆಯನ್ನು (ಮೊಕದ್ದಮೆಯ ಕಾಗದದ ಪ್ರತಿ ಪುಟಕ್ಕೂ ಕೊಡುವ ಗುರುತಿನ ಸಂಖ್ಯೆ) ಮರೆಯದೆ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಒಮ್ಮೆ ಕಂಡ ಕಾಗದ ಮತ್ತೆ ಕೈಗೆ ಸಿಗುವುದು ಕಷ್ಟ.

ಒಂದು ಸಂಜೆ ಬಿಡುವಿದ್ದರೆ ‘ಸೌಂಡ್ ಸೈನ್ಸ್’ ಎಂದು ಹುಡುಕಿ, 1993ರಿಂದ ವರ್ಷವಾರು ಓದುತ್ತಾ ಬನ್ನಿ.