ವಾಯ್ನಾ ಪೊಟೊಸಿ: ಎರಡು ದಿನದ ದಾರಿ, ಮೂರು ದಿನದ ದಾರಿ

ಬೊಲಿವಿಯಾದ ಲಾ ಪಾಸ್ ನಗರದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಆಂಡೀಸ್ ಪರ್ವತಗಳ ಕೊರ್ಡಿಯೆರಾ ರೆಯಾಲ್ ಸಾಲಿನಲ್ಲಿ, ವಾಯ್ನಾ ಪೊಟೊಸಿ ಎಂಬ 6,088 ಮೀಟರ್ ಎತ್ತರದ ಶಿಖರವಿದೆ. 1919ರಲ್ಲಿ ಮೊದಲ ಬಾರಿ ಏರಿದ ದಾಖಲೆಯಿರುವ ಈ ಶಿಖರಕ್ಕೆ ಇಂದು ಹಿಮದ ಮೇಲೆ ಒಮ್ಮೆಯೂ ಕಾಲಿಡದವರೂ ಗೈಡ್ ಜೊತೆ ಹೊರಡುತ್ತಾರೆ. ಲಾ ಪಾಸ್‌ನ ಏಜೆನ್ಸಿಗಳು ಇದನ್ನು ಎರಡು ದಿನದ ಪ್ಯಾಕೇಜ್ ಆಗಿಯೂ ಮೂರು ದಿನದ ಪ್ಯಾಕೇಜ್ ಆಗಿಯೂ ಮಾರುತ್ತವೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. 2017ರ ಆಗಸ್ಟ್‌ನಲ್ಲಿ ಎರಡು ದಿನದ್ದನ್ನು ಹಿಡಿದು ಸುಮಾರು 5,700 ಮೀಟರ್‌ನಿಂದ ಹಿಂದಿರುಗಿದೆ. 2019ರ ಜುಲೈನಲ್ಲಿ ಮೂರು ದಿನದ್ದನ್ನು ಹಿಡಿದು ತುದಿ ಮುಟ್ಟಿದೆ. ಎರಡು ಸಲದ ಸಿದ್ಧತೆಯಲ್ಲಿ ಬಹುತೇಕ ಎಲ್ಲವೂ ಬೇರೆಯಾಗಿದ್ದುದರಿಂದ ಯಾವುದರ ಪಾಲು ಎಷ್ಟೆಂದು ತಕ್ಕಡಿಯಲ್ಲಿಟ್ಟು ಹೇಳಲಾಗದು. ಆದರೂ ಮತ್ತೊಮ್ಮೆ ಹೋಗುವುದಾದರೆ ಹಣವನ್ನೂ ರಜೆಯನ್ನೂ ಯಾವುದಕ್ಕೆ ಖರ್ಚು ಮಾಡುತ್ತೇನೆ, ಯಾವುದಕ್ಕೆ ಮಾಡುವುದಿಲ್ಲ ಎಂಬ ವಿಷಯದಲ್ಲಿ ನನಗೆ ಗೊಂದಲವಿಲ್ಲ.

ಎರಡು ದಿನದ ಪ್ಯಾಕೇಜಿನಲ್ಲಿ ಬೆಳಿಗ್ಗೆ ವ್ಯಾನಿನಲ್ಲಿ ಹೊರಟು ಸುಮಾರು 4,700 ಮೀಟರ್‌ನಲ್ಲಿರುವ ಬೇಸ್ ಕ್ಯಾಂಪ್ ತಲುಪಿ, ಅಲ್ಲಿ ಊಟ ಮುಗಿಸಿ, ಬಂಡೆಗಳ ದಾರಿಯಲ್ಲಿ ಹೊರೆ ಹೊತ್ತು ಸುಮಾರು 5,100 ಮೀಟರ್‌ನ ಹೈ ಕ್ಯಾಂಪಿಗೆ ಏರಬೇಕು. ಸಂಜೆ ಆರಕ್ಕೇ ಮಲಗಿ, ನಡುರಾತ್ರಿ ಕಳೆದ ಮೇಲೆ ಎದ್ದು ಶಿಖರದತ್ತ ಹೊರಡಬೇಕು. ಮೂರು ದಿನದ್ದರಲ್ಲಿ ಇದಕ್ಕೆ ಮೊದಲು ಒಂದು ಹಗಲು, ಒಂದು ರಾತ್ರಿ ಸೇರುತ್ತದೆ: ಹಗಲು ಹಿಮನದಿಯ ಅಂಚಿನಲ್ಲಿ ಅಭ್ಯಾಸ, ರಾತ್ರಿ ಬೇಸ್ ಕ್ಯಾಂಪಿನಲ್ಲೇ ನಿದ್ದೆ. ಕಾಗದದ ಮೇಲೆ ಈ ಹೆಚ್ಚಿನ ದಿನ ಕಲಿಯುವವರಿಗಾಗಿ ಇರುವ ದಿನದಂತೆ ಕಾಣುತ್ತದೆ. ಸಹ್ಯಾದ್ರಿಯನ್ನೆಲ್ಲ ಸುತ್ತಿದ್ದೇನೆಂಬ ಹಮ್ಮಿನಲ್ಲಿ 2017ರಲ್ಲಿ ನಾನು ಅದನ್ನು ಬೇಡವೆಂದೆ.

ಆ ಅಭ್ಯಾಸದಲ್ಲಿ ಕಲಿಸುವುದು ದೊಡ್ಡ ವಿದ್ಯೆಯೇನಲ್ಲ. ಬೂಟಿನ ಅಡಿಗೆ ಕಟ್ಟುವ ಉಕ್ಕಿನ ಹಲ್ಲುಗಳು, ಅಂದರೆ ಕ್ರ್ಯಾಂಪಾನ್, ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿಕೊಳ್ಳದಂತೆ ಕಾಲುಗಳನ್ನು ತುಸು ಅಗಲಿಸಿ ನಡೆಯುವುದು, ಐಸ್ ಆಕ್ಸನ್ನು, ಅಂದರೆ ಹಿಮಗೊಡಲಿಯನ್ನು, ಇಳಿಜಾರಿನ ಮೇಲ್ಬದಿಯ ಕೈಯಲ್ಲಿ ಹಿಡಿಯುವುದು, ಕಡಿದಾದಲ್ಲಿ ಬೂಟಿನ ತುದಿಯನ್ನು ಮಂಜುಗಡ್ಡೆಗೆ ಒದ್ದು ಊರುವುದು, ಇಷ್ಟೇ. ಆದರೆ ಇದನ್ನು ಬಿಸಿಲಿನಲ್ಲಿ, ಬಿದ್ದರೂ ನಕ್ಕು ಏಳಬಹುದಾದ ಜಾಗದಲ್ಲಿ ಕಲಿಯುವುದಕ್ಕೂ, ರಾತ್ರಿ ಒಂದೂವರೆಗೆ ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಮರಗಟ್ಟಿದ ಬೆರಳುಗಳಿಂದ ಮೊದಲ ಬಾರಿ ಪಟ್ಟಿ ಬಿಗಿಯುತ್ತ ಕಲಿಯುವುದಕ್ಕೂ ಅಜಗಜಾಂತರವಿದೆ. ಮೊದಲ ಸಲ ನಾನು ಅರ್ಧ ಗಂಟೆಯೊಳಗೆ ಎಡಗಾಲಿನ ಪ್ಯಾಂಟನ್ನು ಮೊಳಕಾಲಿನಿಂದ ಕೆಳಗೆ ಸೀಳಿಕೊಂಡು ಎರಡು ಸಲ ಮುಗ್ಗರಿಸಿದ್ದೆ.

ಆದರೂ ನನ್ನನ್ನು ಸೋಲಿಸಿದ್ದು ಕ್ರ್ಯಾಂಪಾನ್ ಅಲ್ಲ, ಎತ್ತರ. ಗಾಳಿಯಲ್ಲಿ ಆಮ್ಲಜನಕದ ಪಾಲು ಬೆಂಗಳೂರಿನಲ್ಲಿಯೂ ಅಲ್ಲಿಯೂ ಶೇಕಡ 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. ಸುಮಾರು 5,500 ಮೀಟರ್‌ನಲ್ಲಿ ಅದು ಸಮುದ್ರ ಮಟ್ಟದ ಅರ್ಧಕ್ಕೆ ಬಂದಿರುತ್ತದೆ. ದೇಹ ಇದಕ್ಕೆ ಮೊದಲು ಉಸಿರಾಟ ಹೆಚ್ಚಿಸಿ, ಬಳಿಕ ಮೂತ್ರಪಿಂಡಗಳ ಮೂಲಕ ರಕ್ತದ ಆಮ್ಲ-ಕ್ಷಾರಗಳನ್ನು ಸರಿದೂಗಿಸಿ ಹೊಂದಿಕೊಳ್ಳುತ್ತದೆ. ಇದಕ್ಕೆ ದಿನಗಳೇ ಬೇಕು, ಗಂಟೆಗಳು ಸಾಲವು. ಪರ್ವತ ವೈದ್ಯರು 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಉಳಿಯಿರಿ ಎನ್ನುತ್ತಾರೆ. ಲಾ ಪಾಸ್‌ನ ನಡುಭಾಗ ಸುಮಾರು 3,640 ಮೀಟರ್‌ನಲ್ಲಿದೆ. ಅಲ್ಲಿಂದ ಒಂದೇ ದಿನದಲ್ಲಿ 5,100ಕ್ಕೆ ಹೋಗಿ ಮಲಗಿಸುವ ಎರಡು ದಿನದ ಪ್ಯಾಕೇಜ್ ಆ ಮಿತಿಯ ಸುಮಾರು ಮೂರು ಪಟ್ಟು ಏರಿಸುತ್ತದೆ. ಮೂರು ದಿನದ್ದೂ ಮಿತಿಯನ್ನು ಮೀರುತ್ತದೆ, ಆದರೆ ನಡುವೆ ಒಂದು ಮೆಟ್ಟಿಲನ್ನಾದರೂ ಇಡುತ್ತದೆ.

ಲಾ ಪಾಸ್ ತಲುಪುವ ದಾರಿಯಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. 2017ರಲ್ಲಿ ನಾನು ನೇರವಾಗಿ ವಿಮಾನದಲ್ಲಿ ಲಾ ಪಾಸ್‌ನ ಪಕ್ಕದ ಎಲ್ ಆಲ್ಟೊ ನಿಲ್ದಾಣಕ್ಕೆ ಇಳಿದೆ. ಆ ನಿಲ್ದಾಣವೇ 4,000 ಮೀಟರ್‌ಗಿಂತ ಎತ್ತರದಲ್ಲಿದೆ. ಸೂಟ್‌ಕೇಸ್ ಎಳೆದುಕೊಂಡು ಟ್ಯಾಕ್ಸಿಯ ತನಕ ನಡೆಯುವಷ್ಟರಲ್ಲಿ ಎದೆ ಡವಗುಟ್ಟುತ್ತಿತ್ತು. ಮೂರು ರಾತ್ರಿ ನಗರದಲ್ಲಿ ಕಳೆದು ನಾಲ್ಕನೆಯ ದಿನ ಬೆಟ್ಟಕ್ಕೆ ಹೊರಟೆ. 2019ರಲ್ಲಿ ಪೆರುವಿನ ಲಿಮಾಗೆ ಇಳಿದು, ಬಸ್ಸಿನಲ್ಲಿ ಸುಮಾರು 2,300 ಮೀಟರ್‌ನ ಅರೆಕಿಪಾಗೆ, ಅಲ್ಲಿಂದ ಟಿಟಿಕಾಕಾ ಸರೋವರದ ದಡದ ಪುನೋಗೆ, ಗಡಿ ದಾಟಿ ಬೊಲಿವಿಯಾದ ಕೋಪಕಬಾನಾಗೆ, ಕೊನೆಗೆ ಲಾ ಪಾಸ್‌ಗೆ ಬಂದೆ. ಒಂಬತ್ತು ದಿನ ಹಿಡಿಯಿತು. ರಜೆ ಕಡಿಮೆಯಿರುವವರಿಗೆ ಇದು ಐಷಾರಾಮವೆನಿಸಬಹುದು. ನನಗೆ ಮಾತ್ರ ಎರಡೂ ಯತ್ನಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ ಇದೇ ಎನಿಸಿದೆ. ಹೈ ಕ್ಯಾಂಪಿನಲ್ಲಿ ಬೆರಳಿಗೆ ಸಿಕ್ಕಿಸಿ ನೋಡಿದ, ರಕ್ತದ ಆಮ್ಲಜನಕವನ್ನು ಶೇಕಡದಲ್ಲಿ ಅಳೆಯುವ ಆಕ್ಸಿಮೀಟರ್ ಮೊದಲ ಸಲ 71 ತೋರಿಸಿತ್ತು, ಎರಡನೆಯ ಸಲ 81. ಆ ಯಂತ್ರ ತಣ್ಣಗಿನ ಬೆರಳಿನಲ್ಲಿ ಸುಳ್ಳು ಹೇಳುವುದುಂಟು; ಆದರೆ ಮೊದಲ ಸಲ ಸೂಪಿನ ಬಟ್ಟಲನ್ನು ನೋಡಿದರೇ ವಾಕರಿಕೆ ಬರುತ್ತಿತ್ತು, ಎರಡನೆಯ ಸಲ ಇನ್ನೊಂದು ಬಟ್ಟಲು ಕೇಳಿ ಕುಡಿದೆ ಎಂಬುದರಲ್ಲಿ ಸುಳ್ಳಿಲ್ಲ.

ಹೊಂದಿಕೆಗಾಗಿ ನಡುವೆ ಒಂದು ದಿನ ಎಲ್ಲಿಗೆ ಹೋಗಬೇಕೆಂಬುದು ಇನ್ನೊಂದು ಆಯ್ಕೆ. ಹೆಚ್ಚಿನವರು ಚಕಲ್ಟಾಯಾಗೆ ಹೋಗುತ್ತಾರೆ, ಮೊದಲ ಸಲ ನಾನೂ ಹೋದೆ. ಒಂದು ಕಾಲಕ್ಕೆ ಜಗತ್ತಿನ ಅತಿ ಎತ್ತರದ ಸ್ಕೀ ತಾಣಗಳಲ್ಲಿ ಒಂದಾಗಿದ್ದ ಆ ಬೆಟ್ಟದ ಹಿಮನದಿ 2009ರ ಹೊತ್ತಿಗೆ ಪೂರ್ತಿ ಕರಗಿಹೋಯಿತು. 1947ರಲ್ಲಿ ಸೀಸರ್ ಲಾಟೆಸ್ ಎಂಬ ಬ್ರೆಜಿಲ್‌ನ ಯುವ ವಿಜ್ಞಾನಿ ಇಲ್ಲಿ ವಿಶ್ವಕಿರಣಗಳಿಗೆ ಒಡ್ಡಿದ ಫೋಟೋ ಫಲಕಗಳಲ್ಲಿ ಪಯಾನ್ ಎಂಬ, ಪರಮಾಣುವಿಗಿಂತ ಕಿರಿದಾದ ಕಣದ ಗುರುತು ಸಿಕ್ಕಿತ್ತು ಎಂಬುದು ನನ್ನನ್ನು ಅಲ್ಲಿಗೆ ಎಳೆದ ನಿಜವಾದ ಕಾರಣ. ಆದರೆ ವ್ಯಾನು 5,200 ಮೀಟರ್‌ನ ಆಸುಪಾಸಿನವರೆಗೂ ಒಯ್ದುಬಿಡುವುದರಿಂದ, ಅರ್ಧ ಗಂಟೆ ನಡೆದು, ಫೋಟೋ ತೆಗೆದು, ತಲೆನೋವು ಹೊತ್ತು ಮರಳುವುದಷ್ಟೇ ಆಯಿತು. ಎರಡನೆಯ ಸಲ ಅದರ ಬದಲು ಟಿಟಿಕಾಕಾದ ಸೂರ್ಯದ್ವೀಪದ ದಿಣ್ಣೆಗಳನ್ನು ಎರಡು ದಿನ ಹತ್ತಿಳಿದೆ. ಸರೋವರವೇ 3,812 ಮೀಟರ್‌ನಲ್ಲಿರುವುದರಿಂದ ಅಲ್ಲಿ ಮಲಗಿದರೂ ದೇಹಕ್ಕೆ ಕೆಲಸ ಸಿಗುತ್ತದೆ. ಚಕಲ್ಟಾಯಾ ನೋಡಲು ಚೆಂದ, ಸಿದ್ಧತೆಗೆ ಸೂರ್ಯದ್ವೀಪ ಮೇಲು.

ಔಷಧದ ವಿಷಯದಲ್ಲಿ ಮೊದಲ ಸಲ ಕೋಕಾ ಎಲೆಯ ಚಹವನ್ನೇ ನಂಬಿದ್ದೆ. ಬೊಲಿವಿಯಾದಲ್ಲಿ ಅದು ಕಾನೂನುಬದ್ಧ, ಹೋಟೆಲಿನ ಹಜಾರದಲ್ಲೇ ಬುಟ್ಟಿಯಲ್ಲಿಟ್ಟಿರುತ್ತಾರೆ. ತುಸು ಕಹಿಯಾದ ಆ ಬಿಸಿನೀರು ಹಿತವೆನಿಸುತ್ತದೆ. ಎತ್ತರದ ಕಾಯಿಲೆಯನ್ನು ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಊರಿಗೆ ಒಂದೆಲೆಯನ್ನೂ ತರುವಂತಿಲ್ಲ. ಎರಡನೆಯ ಸಲ ವೈದ್ಯರನ್ನು ಕೇಳಿ ಅಸೆಟಜೋಲಮೈಡ್, ಅಂದರೆ ಡೈಮಾಕ್ಸ್, 125 ಮಿಲಿಗ್ರಾಂ ದಿನಕ್ಕೆರಡು ಸಲ ತೆಗೆದುಕೊಂಡೆ. ಸಲ್ಫಾ ಔಷಧಗಳ ಅಲರ್ಜಿಯುಳ್ಳವರು ಇದನ್ನು ಮೊದಲೇ ವೈದ್ಯರಿಗೆ ಹೇಳಲೇಬೇಕು. ಬೆಂಗಳೂರಿನಲ್ಲೇ ಎರಡು ದಿನ ನುಂಗಿ ನೋಡಿದ್ದರಿಂದ ಬೆರಳ ತುದಿಗಳು ಜುಮುಗುಟ್ಟುವುದೂ, ಸೋಡಾ ಸಪ್ಪೆಯಾಗುವುದೂ ಅಲ್ಲಿ ಗಾಬರಿ ಹುಟ್ಟಿಸಲಿಲ್ಲ. ಮೂತ್ರ ಹೆಚ್ಚುವುದು ಮಾತ್ರ ಬೇರೆಯೇ ಶಿಕ್ಷೆ: ಹೈ ಕ್ಯಾಂಪಿನ ಶೌಚಾಲಯ ಹೊರಗಿದೆ, ರಾತ್ರಿ ಎಲ್ಲವೂ ಹೆಪ್ಪುಗಟ್ಟಿರುತ್ತದೆ, ಮೂರು ಸಲ ಬೂಟು ಕಟ್ಟಿ ಬಿಚ್ಚಿದೆ. ಎರಡರಲ್ಲಿ ಡೈಮಾಕ್ಸೇ ನನ್ನ ಆಯ್ಕೆ, ಆದರೆ ದಿನಗಳಿಗೆ ಬದಲಾಗಿ ಅಲ್ಲ, ದಿನಗಳ ಜೊತೆಗೆ.

ಕಾಲಿನ ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ಸಲ ಲಾಲ್‌ಬಾಗಿನಲ್ಲಿ ಓಡಿದೆ. ಎರಡನೆಯ ಸಲ ನೀರಿನ ಬಾಟಲಿ ತುಂಬಿದ 12 ಕಿಲೋ ಚೀಲ ಹೊತ್ತು ನಮ್ಮ ಅಪಾರ್ಟ್‌ಮೆಂಟಿನ ಹದಿನಾಲ್ಕು ಮಹಡಿ ಹತ್ತಿ, ಮೇಲೆ ನೀರು ಚೆಲ್ಲಿ ಬರಿ ಚೀಲದೊಂದಿಗೆ ಇಳಿದೆ, ಚಳಿಗಾಲದಲ್ಲಿ ಎರಡು ಸಲ ಕುಕ್ಕೆಯಿಂದ ಕುಮಾರ ಪರ್ವತ ಏರಿದೆ. ಕುಮಾರ ಪರ್ವತದ ಏರು ಒಂದೂವರೆ ಸಾವಿರ ಮೀಟರ್‌ಗೂ ಮೇಲು, ಹೈ ಕ್ಯಾಂಪಿನಿಂದ ಶಿಖರಕ್ಕೆ ಸಾವಿರವೂ ಇಲ್ಲ. ಓಟ ದಮ್ಮು ಕೊಟ್ಟಿತು, ಮೆಟ್ಟಿಲು ತೊಡೆಗೆ ಬಲ ಕೊಟ್ಟಿತು. ಬೂಟು ಒದ್ದು ಏರುವಾಗ ಬೇಕಾದದ್ದು ತೊಡೆ.

ಹಗ್ಗದ ಹಂಚಿಕೆಯನ್ನು ಮಾತ್ರ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಸಾಮಾನ್ಯವಾಗಿ ಇಬ್ಬರಿಗೆ ಒಬ್ಬ ಗೈಡ್, ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯಬೇಕು. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರೂ ಇಳಿಯಬೇಕು. 2017ರಲ್ಲಿ ನನ್ನ ಹಿಂದೆ ಒಬ್ಬ ಫ್ರೆಂಚ್ ಹುಡುಗನಿದ್ದ. ಸುಮಾರು 5,700ರಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ ನಾನು ಹತ್ತಕ್ಕೆ ಇಳಿದೆ, ಬಳಿಕ ಐದಕ್ಕೆ; ಕುಡಿದ ಚಹವೆಲ್ಲ ಹಿಮದ ಮೇಲೆ ಕಾರಿದೆ. ಗೈಡ್ ತನ್ನ ಟಾರ್ಚಿನ ಬೆಳಕನ್ನು ನನ್ನ ಮುಖಕ್ಕೆ ಹಿಡಿದು, ಹೆಸರು ಕೇಳಿ, ಉತ್ತರ ತಡವಾದದ್ದನ್ನು ಗಮನಿಸಿ, ಹಗ್ಗವನ್ನು ಕೆಳಮುಖವಾಗಿ ತಿರುಗಿಸಿದ. ಸರಿಯಾದ ತೀರ್ಮಾನವೇ. ಆದರೆ ಏನೂ ಆಗದಿದ್ದ ಆ ಹುಡುಗ ಇಳಿಯುವ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಹೆಚ್ಚಿನ ಹಣ ತೆತ್ತರೆ ಒಬ್ಬರಿಗೇ ಒಬ್ಬ ಗೈಡ್ ಸಿಗುತ್ತಾನೆ. ಎರಡನೆಯ ಸಲ ಹಾಗೆಯೇ ಮಾಡಿದೆ. ನನ್ನ ವೇಗಕ್ಕೆ ನಾನೇ ಹೊಣೆ ಎಂಬ ನಿರಾಳದಲ್ಲಿ ನಿಧಾನವಾಗಿ ನಡೆದು, ಕೊನೆಯ ಕಿರಿದಾದ ಹಿಮದ ಏಣು ದಾಟಿ, ಆರೂಕಾಲಿಗೆ ತುದಿಯಲ್ಲಿದ್ದೆ.

ಪ್ಯಾಕೇಜಿನಲ್ಲಿ ಬರುವ ಬಾಡಿಗೆ ಸಾಮಾನು ಸಾಕು, ಬೂಟೊಂದನ್ನು ಬಿಟ್ಟು. ಮೊದಲ ಸಲ ಕೊಟ್ಟ ಬೂಟು ಒಂದಳತೆ ದೊಡ್ಡದಿತ್ತು, ಹಿಮ್ಮಡಿ ಒಳಗೇ ಜಾರುತ್ತಿತ್ತು. ಎರಡನೆಯ ಸಲವೂ ಬಾಡಿಗೆಯದನ್ನೇ ಹಾಕಿದೆ, ಆದರೆ ಹಿಂದಿನ ಸಂಜೆಯೇ ಅಂಗಡಿಗೆ ಹೋಗಿ, ಉಣ್ಣೆಯ ಕಾಲುಚೀಲದೊಂದಿಗೆ ನಾಲ್ಕು ಜೊತೆ ಹಾಕಿ ನೋಡಿ, ಕ್ರ್ಯಾಂಪಾನನ್ನು ಅಲ್ಲೇ ಸಿಕ್ಕಿಸಿ, ಕಾಲು ಕೊಡವಿ, ಕಳಚುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ.

ದಾರಿಯ ತಿಂಡಿಗೆ ಒಂದು ಸಲ ದುಬಾರಿ ಎನರ್ಜಿ ಜೆಲ್ ಒಯ್ದೆ, ಇನ್ನೊಂದು ಸಲ ಊರಿನ ಕಡಲೆಮಿಠಾಯಿ. ಜೆಲ್ ಚಳಿಗೆ ಅಂಟಿನಂತೆ ಗಟ್ಟಿಯಾಗಿ ಪೊಟ್ಟಣದಿಂದ ಹೊರಬರಲಿಲ್ಲ, ಜೊತೆಗಿದ್ದ ಚಾಕೊಲೇಟ್ ಕಲ್ಲಾಯಿತು. ಕಡಲೆಮಿಠಾಯಿಯನ್ನು ಮೊದಲೇ ಪುಡಿಗೈದು ಜಾಕೆಟ್ಟಿನ ಒಳಜೇಬಿಗೆ ಸುರಿದುಕೊಂಡಿದ್ದರಿಂದ ಕೈಗವಸಿನಲ್ಲೇ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಳ್ಳಬಹುದಾಯಿತು. ಗೈಡ್‌ಗೂ ಕೊಟ್ಟೆ. ಕಡಲೆಕಾಯಿಯ ತವರೇ ದಕ್ಷಿಣ ಅಮೆರಿಕದ ಆ ಸೀಮೆಯಾದ್ದರಿಂದ ‘ಮನಿ’ ಎಂದು ಅವನು ತಕ್ಷಣ ಗುರುತಿಸಿದ. ಬೆಲ್ಲಕ್ಕೆ ಒಂದು ಕ್ಷಣ ಯೋಚಿಸಿ, ‘ಚಂಕಾಕಾ’ ಎಂದು ತಮ್ಮ ಕಡೆಯ ಬೆಲ್ಲದ ಹೆಸರು ಹೇಳಿ, ಮತ್ತೆ ಕೈ ಚಾಚಿದ.